ದೂರದ ಬೆಟ್ಟ, ಹತ್ತಿರದ ಗುಟ್ಟು

ದೂರದ ಬೆಟ್ಟ ನುಣ್ಣಗೆ ಅನ್ನುವುದನ್ನು ನಾನು ಇಷ್ಟು ದಿನ ಗಾದೆ ಅಂತಲೇ ತಿಳಿದಿದ್ದೆ. ಅದು ಸರ್ಕಾರದ ನೀತಿ ಅಂತ ಗೊತ್ತಾಗಿದ್ದು ಒಂದು ಶನಿವಾರ ರಾತ್ರಿ. ಮರುದಿನ ಮಲೆನಾಡಿನ ಒಂದು ಗುಡ್ಡ ಹತ್ತುವ ಆಸೆಯಿತ್ತು. ಅದಕ್ಕೊಂದು ನಕ್ಷೆ ಹುಡುಕೋಣ ಅಂತ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಗುಡ್ಡದ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ವಾರ ಅಲ್ಲಿ ರೀಲ್ಸ್ ಜಾತ್ರೆ ನೆರೆಯುತ್ತದೆ.

ನನಗೆ ಬೇಕಿದ್ದದ್ದು ಘನವಾದದ್ದೇನಲ್ಲ. ಏರು ಎಲ್ಲಿ ಕಡಿದು, ಎಲ್ಲಿ ಸಲೀಸು, ಹಳ್ಳ ಎಲ್ಲಿ ಅಡ್ಡ ಬರುತ್ತದೆ, ಇಷ್ಟು ಗೊತ್ತಾದರೆ ಸಾಕಿತ್ತು. ಇದನ್ನೆಲ್ಲ ಹೇಳುವ ಹಾಳೆಗೆ ಟೋಪೋಶೀಟ್ ಅನ್ನುತ್ತಾರೆ. ಅದರ ಮೇಲೆ ಬೆರಳಚ್ಚಿನ ಹಾಗೆ ಸುತ್ತಿಕೊಂಡ ಕಂದು ಗೆರೆಗಳಿರುತ್ತವೆ. ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಎಳೆದ ಕಾಂಟೂರ್ ಗೆರೆಗಳು ಅವು. 1:50,000 ಅಳತೆಯ ಹಾಳೆಯಲ್ಲಿ ಸಾಮಾನ್ಯವಾಗಿ ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಏರು. ಗೆರೆಗಳು ದೂರ ದೂರ ಇದ್ದರೆ ಹರಟೆ ಹೊಡೆಯುತ್ತ ನಡೆಯಬಹುದು. ಒತ್ತೊತ್ತಾಗಿದ್ದರೆ ಮಾತು ನಿಲ್ಲುತ್ತದೆ, ಏದುಸಿರು ಶುರುವಾಗುತ್ತದೆ. ಗೆರೆಯ ಮೇಲೆ ಗೆರೆ ಕೂತಿದ್ದರೆ ಮನೆಗೆ ವಾಪಸ್ ಹೋಗುವುದು ಒಳ್ಳೆಯದು.

ಈ ಹಾಳೆ ಓದುವುದನ್ನು ಸರ್ಕಾರವೇ ಕಲಿಸುತ್ತದೆ ಮತ್ತೆ. 11ನೇ ತರಗತಿಯ ಭೂಗೋಳದಲ್ಲಿ ಅದಕ್ಕೊಂದು ಪಾಠವೇ ಇದೆ. ಎಲ್ಲೋ ಒಂದು ಊರಿನ ಹಾಳೆಯ ತುಣುಕು ಕೊಟ್ಟು, ಇಲ್ಲಿ ಕಣಿವೆ ಯಾವುದು, ದಿಣ್ಣೆ ಯಾವುದು ಅಂತ ಕೇಳಿ ಮಾರ್ಕ್ಸ್ ಕೊಡುತ್ತಾರೆ. ಹುಡುಗ ಚೆನ್ನಾಗಿ ಕಲಿತು, 'ಸಾರ್, ನಮ್ಮೂರಿನ ಹಾಳೆ ಎಲ್ಲಿ ಸಿಗುತ್ತೆ?' ಅಂತ ಕೇಳಿದ ಅನ್ನಿ. ಬಹಳ ವರ್ಷಗಳ ಕಾಲ ಆ ಪ್ರಶ್ನೆಗೆ ಇದ್ದ ಉತ್ತರ: ಅದು ಸಿಲಬಸ್‌ನಲ್ಲಿಲ್ಲ.

ಹಾಗಂತ ನಮ್ಮಲ್ಲಿ ನಕ್ಷೆ ಬರೆಯುವವರಿಗೆ ಬರವಿರಲಿಲ್ಲ. ದೇಶದ ನಕ್ಷೆ ಬರೆಯುವ ಇಲಾಖೆ, ಸರ್ವೆ ಆಫ್ ಇಂಡಿಯಾ, ಹುಟ್ಟಿದ್ದು 1767ರಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದದ್ದೇ ತಡ, ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆಯಲು ಹೊರಟ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಸರಪಣಿ ಎಳೆದು ಶುರುಮಾಡಿದ ಅಳತೆ ಹಿಮಾಲಯ ಮುಟ್ಟಿತು. ಕೋನ ಅಳೆಯುವ ಅವನ ಥಿಯೊಡೊಲೈಟ್ ಯಂತ್ರ ಅರ್ಧ ಟನ್ ಭಾರ ಇತ್ತು. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಮೇಲೆ ಏರಿಸಲು ಹೋಗಿ, ಹಗ್ಗ ಕಿತ್ತು, ಯಂತ್ರ ಗೋಡೆಗೆ ಬಡಿದು ಸೊಟ್ಟಗಾಯಿತು. ಅದನ್ನು ಬಿಚ್ಚಿ ರಿಪೇರಿ ಮಾಡಿಕೊಂಡು ಮತ್ತೆ ಅಳೆದರು. ಇಷ್ಟೆಲ್ಲ ಪಾಡು ಪಟ್ಟು ಬರೆದ ನಕ್ಷೆಯನ್ನು ಸ್ವಾತಂತ್ರ್ಯ ಬಂದ ಮೇಲೆ ನಾವೇನು ಮಾಡಿದೆವು? ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಬಿಳಿಯರು ನಮ್ಮನ್ನು ಆಳುವುದಕ್ಕೆ ಬರೆದ ನಕ್ಷೆ ನಮ್ಮ ಕೈಗೇ ಸಿಕ್ಕಿಬಿಟ್ಟರೆ ನಾವು ಸುಮ್ನೆ ಇರುತ್ತೇವಾ? ವಾಕಿಂಗ್ ಹೋಗಿಬಿಡುತ್ತೇವೆ.

ಬೀಗ ಹಾಕಿದ್ದಕ್ಕೆ ಕಾರಣ ದೇಶದ ಭದ್ರತೆ. ಗಡಿಯಿಂದ ಮತ್ತು ಕಡಲ ತೀರದಿಂದ ಒಳಗೆ ಸುಮಾರು 80 ಕಿಲೋಮೀಟರ್‌ವರೆಗಿನ ಹಾಳೆಗಳು ನಿರ್ಬಂಧಿತವಾಗಿದ್ದವು. ಬೇಕಿದ್ದವರು ಅಧಿಕಾರಿಯ ಪತ್ರ ತರಬೇಕಿತ್ತು, ಕಾರಣ ಹೇಳಬೇಕಿತ್ತು, ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಡಬೇಕಿತ್ತು. 'ಭಾನುವಾರ ಬೇರೆ ಕೆಲಸ ಇಲ್ಲ ಸ್ವಾಮಿ, ಅದಕ್ಕೆ' ಅನ್ನುವುದು ಕಾರಣವಾಗಿ ನಡೆಯುತ್ತಿರಲಿಲ್ಲ.

ಈಗ ಕರ್ನಾಟಕದ ನಕ್ಷೆ ನೆನಪು ಮಾಡಿಕೊಳ್ಳಿ. ಅಂದರೆ ಶಾಲೆಯ ಗೋಡೆಯ ನಕ್ಷೆ, ಅದು ಗುಟ್ಟಲ್ಲ. ಕಡಲಿಂದ 80 ಕಿಲೋಮೀಟರ್ ಒಳಗೆ ಗೆರೆ ಎಳೆದರೆ ನಮ್ಮ ಘಟ್ಟದ ಬಹುಪಾಲು ಅದರೊಳಗೆ ಕೂರುತ್ತದೆ. ನಡೆಯಬೇಕು ಅನಿಸುವ ಜಾಗವೆಲ್ಲ ಆಚೆ, ನಕ್ಷೆ ಸಿಗುತ್ತಿದ್ದ ಜಾಗವೆಲ್ಲ ಈಚೆ. ಬಯಲುಸೀಮೆಯಲ್ಲಿ ಗೆರೆಗಳೇ ಕಡಿಮೆ. ಅಲ್ಲಿ ಹಾಳೆ ಬಿಡಿಸಿದರೆ ಕಾಣುವುದು ಕೆರೆ, ಹೊಲ, ಇನ್ನೊಂದು ಕೆರೆ.

ಕುದುರೆಮುಖದ ಕಥೆ ಕೇಳಿ. ಎತ್ತರ 1,890 ಮೀಟರ್ ಮೇಲೆ. ಹಕ್ಕಿ ಹಾರಿದ ಹಾಗೆ ಲೆಕ್ಕ ಹಾಕಿದರೆ ಸಮುದ್ರಕ್ಕೆ 60 ಕಿಲೋಮೀಟರ್ ಕೂಡ ಇಲ್ಲ. ಹಾಗಾಗಿ ಈ ಪಟ್ಟಿಯೊಳಗೆ ಸರಿಯಾಗಿ ಸಿಕ್ಕಿಬಿದ್ದ ಬೆಟ್ಟ. ಕಡಲಿನ ಕಡೆಯಿಂದ ಬರುವ ಶತ್ರುವಿಗೆ ಅದರ ಏರಿಳಿತ ತಿಳಿಯಬಾರದು, ಸರಿ. ಆದರೆ ಆ ಬೆಟ್ಟವನ್ನು ದಾರಿಗುರುತಾಗಿ ಇಟ್ಟುಕೊಂಡಿದ್ದವರು ಯಾರು ಗೊತ್ತಾ? ಕಡಲಿನ ನಾವಿಕರು! ಹಡಗಿನಿಂದ ನೋಡಿದರೆ ಕುದುರೆಯ ಮುಖ ಕಾಣುತ್ತದೆ, ಕರಾವಳಿ ಬಂತು ಅಂತ ಅದರಿಂದ ಗುರುತು ಹಿಡಿಯುತ್ತಿದ್ದರು. ಅಂದರೆ ಹಡಗಿನಲ್ಲಿ ಬರುವವನಿಗೆ ಮುಖವೇ ಕಾಣುತ್ತದೆ, ಬುಡದಲ್ಲಿ ನಿಂತ ನಮಗೆ ಮಾತ್ರ ಮುಸುಕು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಲ್ಲ ಇದು. ಬೆಕ್ಕು ಬಂದು ನಮ್ಮ ಕಣ್ಣು ಮುಚ್ಚಿ, ಹಾಲನ್ನು ಪಕ್ಕದ ಮನೆಯವರಿಗೆ ಕುಡಿಸಿದ ಹಾಗೆ.

ಪಕ್ಕದ ಮನೆಯವರ ವಿಷಯಕ್ಕೆ ಬರೋಣ. ಆ ಶನಿವಾರ ರಾತ್ರಿ ನನಗೆ ಮೊದಲು ಸಿಕ್ಕ ನಕ್ಷೆ ಅಮೆರಿಕದ್ದು. ಅಮೆರಿಕದ ಸೇನೆ 1950ರ ದಶಕದಿಂದ ಇಡೀ ಭಾರತ, ಪಾಕಿಸ್ತಾನದ ಟೋಪೋ ನಕ್ಷೆ ಅಚ್ಚು ಹಾಕಿಸಿತ್ತು. ಸರಣಿಯ ಹೆಸರು ಯು 502, ಅಳತೆ 1:2,50,000. ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅದನ್ನು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ತೆಗೆದುಕೊಳ್ಳಿ ಅಂತ ಜಾಲತಾಣದಲ್ಲಿ ಇಟ್ಟಿದೆ. ಮುಚ್ಚಳಿಕೆ ಬೇಡ, ಪತ್ರ ಬೇಡ, ಓಟಿಪಿಯೂ ಬೇಡ. ನಮ್ಮ ದೇಶದಲ್ಲಿ ಬೆಟ್ಟ ಹತ್ತುವ ಎಷ್ಟೋ ಜನ ವರ್ಷಗಟ್ಟಲೆ ಇದನ್ನೇ ನಂಬಿ ನಡೆದಿದ್ದಾರೆ. ಸೋವಿಯತ್ ಸೇನೆಯೂ ಹಿಂದೆ ಬಿದ್ದಿರಲಿಲ್ಲ. ಅವರು ಪ್ರಪಂಚವನ್ನೆಲ್ಲ ಬರೆದಿಟ್ಟುಕೊಂಡಿದ್ದರು. ಆ ದೇಶ ಒಡೆದ ಮೇಲೆ ನಕ್ಷೆಗಳೂ ಹೊರಬಿದ್ದವು. ನಮ್ಮ ಘಟ್ಟ ಹತ್ತಲು ರಷ್ಯನ್ ಅಕ್ಷರಮಾಲೆ ಕಲಿಯಬೇಕು, ಅಷ್ಟೇ ತೊಂದರೆ.

ಅಮೆರಿಕದ ಹಾಳೆಯನ್ನು ದೊಡ್ಡದು ಮಾಡಿ ನೋಡುತ್ತ ಕೂತೆ. ಮಾಸಿದ ಹಸಿರು, ಸಣ್ಣ ಅಕ್ಷರದಲ್ಲಿ ಊರುಗಳ ಹೆಸರು, ಅಲ್ಲಲ್ಲಿ ಮಡಿಕೆಯ ಗುರುತು. ಚೆಂದವೇನೋ ಹೌದು. ಆದರೆ ಹಳೆಯ ನಕ್ಷೆಗೆ ಒಂದು ಗುಣವಿದೆ, ಅದು ಹಳೆಯ ಕಾಲದಲ್ಲೇ ಇರುತ್ತದೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಮೊದಲು ಅಚ್ಚಾದ ಹಾಳೆ ಹಿಡಿದು ಆ ಕಡೆ ನಡೆದರೆ, ದಾರಿ ನಿಮ್ಮನ್ನು ಹಳ್ಳಿ ದಾಟಿಸಿ, ಗದ್ದೆ ದಾಟಿಸಿ, ನೇರವಾಗಿ ಹಿನ್ನೀರಿನ ತಳಕ್ಕೆ ಕರೆದುಕೊಂಡು ಹೋಗುತ್ತದೆ. ಮುಳುಗಿದ ಊರುಗಳನ್ನು ಇವತ್ತಿಗೂ ನೆನಪಿಟ್ಟುಕೊಂಡಿರುವುದು ಅಲ್ಲಿಂದ ಎದ್ದು ಬಂದವರು ಮತ್ತು ಟೆಕ್ಸಸ್‌ನ ಆ ಗ್ರಂಥಾಲಯ.

2000ನೇ ಇಸವಿಯ ಫೆಬ್ರುವರಿಯಲ್ಲಿ ಇನ್ನೊಂದು ಕೆಲಸ ಆಯಿತು. ಎಂಡೆವರ್ ಅನ್ನುವ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ, ರೇಡಾರ್ ಬಿಟ್ಟು, ಭೂಮಿಯ ನೆಲದ ಶೇಕಡ 80ರಷ್ಟರ ಎತ್ತರ ತಗ್ಗು ಅಳೆದುಕೊಂಡು ಹೋಯಿತು. ಆ ಲೆಕ್ಕ ಸಾರ್ವಜನಿಕರಿಗೆ ಬಿಟ್ಟಿ. ನಮ್ಮ ಬೀರುವಿನ ಬೀಗ ಆಗಲೂ ಗಟ್ಟಿಯಾಗಿತ್ತು. ಆಮೇಲೆ ಗೂಗಲ್ ಬಂತು, ಓಪನ್‌ಸ್ಟ್ರೀಟ್‌ಮ್ಯಾಪ್ ಬಂತು, ನಮ್ಮ ಇಸ್ರೋದ ಭುವನ್ ಕೂಡ 2009ರಲ್ಲಿ ಬಂತು. ಒಂದು ಸರ್ಕಾರಿ ಕಚೇರಿ ಆಕಾಶದಿಂದ ಮನೆಯ ಹೆಂಚು ತೋರಿಸುತ್ತಿತ್ತು, ಇನ್ನೊಂದು ಸರ್ಕಾರಿ ಕಚೇರಿ ಮನೆಯ ಹಿಂದಿನ ಗುಡ್ಡವನ್ನು ಅಡಗಿಸಿಡುತ್ತಿತ್ತು.

ನಡುವೆ ಸುಧಾರಣೆ ಆಗಲಿಲ್ಲ ಅಂದರೆ ತಪ್ಪಾಗುತ್ತದೆ. 2005ರ ರಾಷ್ಟ್ರೀಯ ನಕ್ಷೆ ನೀತಿ ಎರಡು ಸರಣಿ ಮಾಡಿತು: ಒಂದು ರಕ್ಷಣೆಯವರಿಗೆ, ಒಂದು ನಮಗೆ. ನಮ್ಮದಕ್ಕೆ ಹೆಸರು ಓಪನ್ ಸೀರೀಸ್, ಅದು ಓಪನ್ ಆಗಬೇಕಾದರೆ ರಕ್ಷಣಾ ಸಚಿವಾಲಯ ಒಪ್ಪಬೇಕಿತ್ತು. ಜೊತೆಗೆ ಹಾಳೆಯ ನಂಬರನ್ನೂ ಬದಲಾಯಿಸಿದರು. ಕುಮಾರಪರ್ವತ ಇರುವ ಹಾಳೆ ಹಳೆಯ ಲೆಕ್ಕದಲ್ಲಿ 48 ಪಿ/10. ಹೊಸ ಲೆಕ್ಕದಲ್ಲಿ ಡಿ 43 ಅಂತ ಶುರುವಾಗುವ ಇನ್ನೊಂದು. ಬೆಟ್ಟ ಮಾತ್ರ ಇದ್ದಲ್ಲೇ ಇದೆ.

2016ರಲ್ಲಿ ಬಂದ ಕರಡು ಮಸೂದೆಯನ್ನು ನಾನು ಬಹಳ ಪ್ರೀತಿಯಿಂದ ನೆನೆಯುತ್ತೇನೆ. ದೇಶದ ಯಾವುದೇ ಜಾಗದ ನಕ್ಷೆ ಮಾಹಿತಿ ಸಂಗ್ರಹಿಸಲು, ಹಂಚಲು ಲೈಸೆನ್ಸ್ ಬೇಕು ಅಂದಿತ್ತು ಅದು. ಇಲ್ಲದಿದ್ದರೆ 1 ಕೋಟಿಯಿಂದ 100 ಕೋಟಿ ರೂಪಾಯಿವರೆಗೆ ದಂಡ, 7 ವರ್ಷದವರೆಗೆ ಜೈಲು. ನಮ್ಮ ಮದುವೆ ಕರೆಯೋಲೆ ನೆನಪಾಯಿತು. ಹಿಂಬದಿಯಲ್ಲಿ ಒಂದು ನಕ್ಷೆ ಇರುತ್ತದಲ್ವಾ? ಬಸ್ ಸ್ಟ್ಯಾಂಡು, ಪೆಟ್ರೋಲ್ ಬಂಕು, ಒಂದು ಆಂಜನೇಯನ ಗುಡಿ, ಬಾಣದ ಗುರುತು, ಕಲ್ಯಾಣ ಮಂಟಪ. ಅಳತೆಗೂ ಅದಕ್ಕೂ ಸಂಬಂಧವಿಲ್ಲ, ಉತ್ತರ ದಿಕ್ಕು ಪ್ರಿಂಟರ್ ಹೇಳಿದ ಕಡೆ. ಕರಡನ್ನು ಅಕ್ಷರಶಃ ಹಿಡಿದರೆ ಹುಡುಗಿಯ ಅಪ್ಪ ಛತ್ರದ ಬಾಡಿಗೆ ಕಟ್ಟಿ, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟು, ಉಳಿದ 100 ಕೋಟಿಯನ್ನು ದಂಡಕ್ಕೆ ತೆಗೆದಿಡಬೇಕಿತ್ತು. ಜನ ಕೂಗಾಡಿದರು, ಕರಡು ಕಾಯ್ದೆಯಾಗಲಿಲ್ಲ. ಹಾಗಾಗಿ ಇವತ್ತಿಗೂ ನಾವು ಮದುವೆಗಳಿಗೆ ದಾರಿ ತಪ್ಪಿಯೇ ಹೋಗುತ್ತಿದ್ದೇವೆ.

ಮರುವರ್ಷ, ಸರ್ವೆ ಇಲಾಖೆಗೆ 250 ವರ್ಷ ತುಂಬಿದ ಸಂಭ್ರಮದಲ್ಲಿ, ಹಾಳೆಗಳನ್ನು ಇಳಿಸಿಕೊಳ್ಳಲು ಒಂದು ಪೋರ್ಟಲ್ ತೆರೆದರು. ಹೆಸರು 'ನಕ್ಷೆ'. ದಿಲ್ಲಿಯವರು ಕೊನೆಗೂ ಕನ್ನಡದಲ್ಲಿ ಹೆಸರಿಟ್ಟರು ಅಂತ ನಾನು ಹಿಗ್ಗಿದೆ. ಆಮೇಲೆ ಅದು ಹಿಂದಿ ಅಂತ ತಿಳಿಯಿತು. ಒಳಗೆ ಹೋಗಲು ಆಗ ಆಧಾರ್ ಬೇಕಿತ್ತು, ದಿನಕ್ಕೆ ಮೂರೇ ಹಾಳೆ ಸಿಗುತ್ತಿತ್ತು. ಮಾತ್ರೆಯ ಲೆಕ್ಕ ಅದು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಊಟದ ಮೇಲೆ ಒಂದು. ಜಾಸ್ತಿ ತಗೊಂಡರೆ ತಲೆ ಸುತ್ತಿ ಬೆಟ್ಟ ಹತ್ತಿಬಿಟ್ಟರೆ ಕಷ್ಟ.

ಕೊನೆಗೆ 2021ರ ಫೆಬ್ರುವರಿ 15ರಂದು ಹೊಸ ಮಾರ್ಗಸೂಚಿ ಬಂತು. ಪ್ರಪಂಚಕ್ಕೆಲ್ಲ ಸುಲಭವಾಗಿ ಸಿಗುವುದನ್ನು ನಾವು ಕಟ್ಟಿಹಾಕುವುದರಲ್ಲಿ ಅರ್ಥವಿಲ್ಲ ಅನ್ನುವುದು ಅದರ ಸಾರ. ಈ ಸಾರ ಇಳಿಯಲು ಎಂಡೆವರ್ ಹೋಗಿಬಂದ ಮೇಲೂ 21 ವರ್ಷ ಹಿಡಿಯಿತು. ಚೆನ್ನಾಗಿ ಕುದಿಸಿದ್ದಾರೆ, ದೂರುವ ಹಾಗಿಲ್ಲ.

ಈಗ ನಕ್ಷೆಗಳಿಗೆ ಬರವಿಲ್ಲ. ನಾನು ಆ ರಾತ್ರಿ ಫೋನಿಗೆ ಇಳಿಸಿಕೊಂಡದ್ದು ಯಾರೋ ಪುಣ್ಯಾತ್ಮರು ಬಿಡುವಿನಲ್ಲಿ ಕೂತು ಗುರುತು ಮಾಡಿದ ದಾರಿಗಳ ಮೇಲೆ ಆ ನೌಕೆಯ ಎತ್ತರದ ಗೆರೆ ಕೂರಿಸಿದ ನಕ್ಷೆ. ಅದರಲ್ಲೂ ಒಂದು ತಮಾಷೆಯಿದೆ. ದಟ್ಟ ಕಾಡಿನಲ್ಲಿ ರೇಡಾರ್ ಅಲೆ ಪೂರ್ತಿ ನೆಲ ಮುಟ್ಟುವುದಿಲ್ಲ, ಎಲೆ ಕೊಂಬೆಗಳ ಮೇಲೇ ತಾಗಿ ವಾಪಸ್ಸಾಗುತ್ತದೆ. ಹಾಗಾಗಿ ಘಟ್ಟದಲ್ಲಿ ಅದು ಕೊಡುವ ಎತ್ತರ ಎಷ್ಟೋ ಕಡೆ ಮರದ ತಲೆಯದ್ದು. ಮಂಗನಿಗೆ ಸರಿಯಾದ ನಕ್ಷೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಆ ನಕ್ಷೆಯ ಚುಕ್ಕಿ ಗೆರೆ ಹಿಡಿದು ಹೊರಟೆ. ಚುಕ್ಕಿಗಳು ಒಂದು ಅಡಿಕೆ ತೋಟದ ಬೇಲಿಗೆ ಬಂದು ನಿಂತವು. ಬೇಲಿಯಾಚೆ ಅಂಗಳದಲ್ಲಿ ಒಬ್ಬ ಅಜ್ಜ ಅಡಿಕೆ ಹರವುತ್ತಿದ್ದರು.

"ಗುಡ್ಡಕ್ಕೆ ಹೊರಟಿದ್ದಾ? ಆ ದಾರಿ ಮುಚ್ಚಿ ಎಷ್ಟೋ ವರ್ಷ ಆಯ್ತಲ್ಲ ಮಾರಾಯ್ರೆ. ಯಾರು ಹೇಳಿದ್ದು ನಿಮಗೆ?"

ಫೋನ್ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. ಗೆರೆಗಳು ಅವರಿಗೆ ರುಚಿಸಲಿಲ್ಲ. ಉಪಗ್ರಹದ ಚಿತ್ರಕ್ಕೆ ಬದಲಾಯಿಸಿ ದೊಡ್ಡದು ಮಾಡಿದೆ. ಅಂಗಳ ಬಂತು, ಕೊಟ್ಟಿಗೆಯ ಹೆಂಚು ಬಂತು, ಮೂಲೆಯಲ್ಲಿ ಒಂದು ನೀಲಿ ಚೌಕ.

"ಓ, ಅದು ನಮ್ಮ ಟಾರ್ಪಾಲು! ಇದು ಎಲ್ಲರಿಗೂ ಕಾಣ್ತದಾ?"

"ಪ್ರಪಂಚಕ್ಕೆಲ್ಲ ಕಾಣುತ್ತೆ ಅಜ್ಜ. ಆದ್ರೆ ಈ ಗುಡ್ಡ ಎಷ್ಟು ಎತ್ತರ, ಹೇಗೆ ಏರುತ್ತೆ ಅನ್ನೋದನ್ನ ಸರ್ಕಾರ ಬಹಳ ವರ್ಷ ಗುಟ್ಟಾಗಿ ಇಟ್ಟಿತ್ತು."

ಅಜ್ಜ ತಲೆಯೆತ್ತಿ ಗುಡ್ಡ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಯಾರಿಂದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದಾರಿ ಕೇಳಿದೆ. ಕೊಟ್ಟಿಗೆಯ ಹಿಂದೆ ಕೈ ತೋರಿಸಿ, "ಹೀಗೇ ಹೋಗಿ. ಇಲ್ಲೇ, ಒಂದು ಕೂಗಳತೆ" ಅಂದರು.

ಎರಡು ಗಂಟೆ ನಲವತ್ತು ನಿಮಿಷ ಹತ್ತಿದೆ. ತುದಿಯಲ್ಲಿ ಸ್ವಲ್ಪ ಉಸಿರು ಬಂದ ಮೇಲೆ ಕೆಳಕ್ಕೆ ಮುಖ ಮಾಡಿ ಜೋರಾಗಿ ಒಮ್ಮೆ ಕೂಗಿ ನೋಡಿದೆ. ಅಜ್ಜನಿಗೆ ಕೇಳಿಸಿತೋ ಇಲ್ಲವೋ. ಟಾರ್ಪಾಲು ಮಾತ್ರ ಅಲ್ಲಿಂದಲೂ ನೀಲಿಯಾಗಿ ಕಾಣುತ್ತಿತ್ತು.