ಪೊಟ್ಟಣದಾಗಿನ ಬಿಳಿ ಗುಳಿಗಿ

ಯಾರಿಗೆ ಸಿಟ್ಟು ಬಂದ್ರೂ ಬರಲಿ, ಇವತ್ತು ಬರದೇ ತೀರ್ತೀನಿ. ಮುಂಜಾನಿಯಿಂದ ತಲಿ ಕಾದು ಕುಂತದ, ಅದಕ್ಕ ಕಲಬುರಗಿ ಬಿಸಿಲು ಕಾರಣ ಅಲ್ಲ.

ನಮ್ಮ ಓಣ್ಯಾಗ ಒಬ್ಬಾಕಿ ಆಯಿ ಇದ್ದಾಳ. ಅಫಜಲಪುರ ಕಡಿ ಹಳ್ಳಿಯಾಕಿ, ಈಗ ಮಗನ ಮನಿಗಿ ಬಂದಾಳ. ಭಾಳ ದಿನ ಆದ ಮ್ಯಾಲ ಇವತ್ತು ನೋಡಿದೆ, ಒಂದು ಗಳಿಗಿ ಗುರ್ತೇ ಸಿಗಲಿಲ್ಲ. ಮಾರಿ ಉಬ್ಬಿ ಗುಂಡಗ ಆಗ್ಯಾದ, ಹೊಟ್ಟಿ ಬಂದದ, ಕೈಕಾಲು ಮಾತ್ರ ಕಡ್ಡಿ, ತೋಳಿನ ಮ್ಯಾಲ ಅಲ್ಲಲ್ಲಿ ನೀಲಿ ಕಲಿ. ಸೊಸಿ ನೋಡಿದ್ರ ಖುಷಿಯಾಗಿ ಹೇಳ್ತಾಳ, "ಅಕ್ಕೋರೆ, ನಮ್ಮತ್ತಿ ಈಗ ಛಲೋ ಆಗ್ಯಾರ್ರಿ, ಮೈ ಹತ್ಯಾದ್ರಿ, ಮೊಣಕಾಲು ನೋವು ಒಟ್ಟ ಇಲ್ಲ." ಯಾವಾಗಿಂದ ಅಂತ ಕೇಳಿದೆ. ಹ್ವಾದ ವರ್ಷ ತೊಗರಿ ರಾಶಿ ಟೈಮಿನಿಂದ, ಹಳ್ಳ್ಯಾಗ ಪದವಿ ಇಲ್ದ ಒಬ್ಬ "ಡಾಕ್ಟರ್ ಸಾಬ್" ಕೊಡೋ ಗುಳಿಗಿ ನುಂಗ್ಲಾಕ ಹತ್ತಿದಾಗಿಂದ ಅಂತ. ಯಾವ ಗುಳಿಗಿ? ಆಯಿ ಸೆರಗಿನ ಗಂಟು ಬಿಚ್ಚಿ ಒಂದು ಪೇಪರ್ ಪೊಟ್ಟಣ ತೋರ್ಸಿದ್ಲು. ಹಳೇ ನೋಟ್‌ಬುಕ್ ಹಾಳಿ, ಅದರಾಗ ಒಂದು ಸಣ್ಣ ಬಿಳಿದು, ಒಂದು ಹಳದಿ, ಒಂದು ಅರ್ಧ ಮುರಿದಿದ್ದು.

"ಇದರ ಹೆಸರೇನಾಯಿ?"

"ಬಿಳಿ ಗುಳಿಗಿ."

ಮ್ಯಾಲಿಂದ ನನಗೇ ನಗತಾಳ, ಔಷಧಿ ಅಂಗಡ್ಯಾಗ ಇದ್ದಾಕಿ ನಿನಗೇ ಗೊತ್ತಿಲ್ಲೇನ ಅಂತ.

ನಾನು ಡಿ.ಫಾರ್ಮಾ ಮಾಡಿ ಎಷ್ಟು ವರ್ಷ ಕೌಂಟರ್ ಹಿಂದ ನಿಂತೀನಿ, ಆಮ್ಯಾಲ ಯಾಕ ಬಿಟ್ಟೆ, ಮಾಲಕರ ಜೋಡಿ ಏನಾಯ್ತು, ಎಲ್ಲಾ ನಿಮಗ ಗೊತ್ತದ, ಆ ಪುರಾಣ ಮತ್ತ ಬ್ಯಾಡ. ಆದ್ರ ಕೌಂಟರ್ ಹಿಂದ ನಿಂತವರಿಗಿ ಒಂದು ಮಾತು ಮೊದಲನೇ ದಿನಾನೇ ಹೇಳಿಕೊಡ್ತಾರ. ಪಟ್ಟಿ ಮ್ಯಾಲಿನ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ, ಈ ಮೂರು ಓದದೆ ಗುಳಿಗಿ ಯಾರ ಕೈಗೂ ಹೋಗಬಾರ್ದು. ಇಲ್ಲಿ ಮೂರೂ ಇಲ್ಲ. ಬಣ್ಣ ಅಷ್ಟೇ ಅದ.

ಪೊಟ್ಟಣದಾಗ ಏನದ ಅಂತ ನೋಡಿ ಹೇಳಲಾಕ ಯಾರಿಗೂ ಬರಂಗಿಲ್ಲ, ಆದ್ರ ಮಾರಿ ನೋಡಿದ್ರ ಅನುಮಾನ ಬಂದೇ ಬರ್ತದ. ಸ್ಟೀರಾಯ್ಡ್. ಅಂದ್ರ ಬಾವು, ನೋವು ಲಗೂನ ಇಳಸೋ ಜೋರಾದ ಔಷಧಿ, ಡೆಕ್ಸಾಮೆಥಸೋನ್ ಇರಬಹುದು, ಪ್ರೆಡ್ನಿಸೊಲೋನ್ ಇರಬಹುದು. ನುಂಗಿದ ಒಂದೆರಡು ದಿನಕ್ಕ ನೋವು ಮಾಯ, ಹಸಿವು ಜೋರು, ಮೈಯಾಗ ಹುರುಪು, ಮಂದಿ ಡಾಕ್ಟರ್ ಸಾಬ್‌ನ ಕೈಗುಣ ಅಂತಾರ. ಕೈಗುಣ ಏನಲ್ರಿ ಅದು, ಕೆಮಿಸ್ಟ್ರಿ. 1948ರಾಗ ಅಮೆರಿಕದ ಮೇಯೊ ಕ್ಲಿನಿಕ್‌ನಾಗ ಫಿಲಿಪ್ ಹೆಂಚ್ ಅನ್ನೋ ಡಾಕ್ಟರು ಕೀಲುವಾತ ಇದ್ದ ಒಬ್ಬ ಹೆಣ್ಮಗಳಿಗಿ ಮೊದಲ ಸಲ ಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಸೂಜಿ ಮಾಡಿಸಿದ್ರು, ಹಾಸಿಗಿಯಿಂದ ಏಳಲಾಕ ಒದ್ದಾಡ್ತಿದ್ದಾಕಿ ಕೆಲವೇ ದಿನದಾಗ ಪ್ಯಾಟಿಗಿ ಹೋಗಿ ಬಂದ್ಲು. ಎರಡು ವರ್ಷಕ್ಕ ನೊಬೆಲ್ ಬಂತು, 1950ರಾಗ. ಆದ್ರ ಬಹಳ ದಿನ ಕೊಟ್ರ ಏನಾಗ್ತದ ಅನ್ನೋದೂ ಮುಂದಿನ ವರ್ಷಗಳಾಗ ಒಂದೊಂದಾಗಿ ಡಾಕ್ಟರ್‌ಗಳಿಗಿ ಕಾಣಲಾಕ ಹತ್ತಿತ್ತು. ಮಾರಿ ಊದೋದು, ಶುಗರ್ ಏರೋದು, ಎಲುಬು ಟೊಳ್ಳಾಗೋದು, ಕಣ್ಣಾಗ ಪೊರೆ, ಸೊಂಟದ ಕೀಲಿನ ಎಲುಬಿಗಿ ರಕ್ತ ಹೋಗದೆ ಸಾಯೋದು. ಅಂದ್ರ ಹತ್ತಾರು ವರ್ಷದಿಂದ ಜಗತ್ತಿಗಿ ಗೊತ್ತಿರೋ ಸಂಗತಿ, ನಮ್ಮ ಆಯಿಗಿ ಒಬ್ಬಾಕಿಗಿ ಬಿಟ್ಟು. ಯಾಕಂದ್ರ ಆಕಿಗಿ ಹೆಸರೇ ಹೇಳಿಲ್ಲ!

ಈಗ ಕೆಲವರು ಬರ್ತಾರ ನೋಡ್ರಿ ಕಮೆಂಟ್‌ಗೆ, "ಅದಕ್ಕೇ ಅಕ್ಕಾ ಇಂಗ್ಲಿಷ್ ಔಷಧಿನೇ ಬ್ಯಾಡ, ಎಲ್ಲಾ ವಿಷ" ಅಂತ. ತಮ್ಮಾ, ಸ್ವಲ್ಪ ತಡಿ. 2021ರ ಮೇ ತಿಂಗಳು ನಮ್ಮ ಮನ್ಯಾಗ ಏನಾಗಿತ್ತು ನಿಮಗ ನೆನಪಿರಬೇಕು, ನನ್ನ ತಮ್ಮನಿಗಿ ಕೋವಿಡ್ ಆಗಿ ಆಕ್ಸಿಜನ್ ಹಚ್ಚಿದ್ರು, ನಾನು ದವಾಖಾನಿ ಹೊರಗ ಫುಟ್‌ಪಾತ್ ಮ್ಯಾಲ ಕುಂತಿದ್ದೆ. ಅವನಿಗಿ ಕೊಟ್ಟಿದ್ದೂ ಇದೇ ಡೆಕ್ಸಾಮೆಥಸೋನ್, ದಿನಕ್ಕ 6 ಮಿಲಿಗ್ರಾಂ, ಹತ್ತು ದಿನ. ಆಕ್ಸ್‌ಫರ್ಡ್‌ನವರು 2020ರ ಜೂನ್‌ದಾಗ ರಿಕವರಿ ಅನ್ನೋ ಕೋವಿಡ್ ಔಷಧಿ ಪರೀಕ್ಷಾದ ಫಲಿತಾಂಶ ತೋರಿಸಿದ್ರು, ವೆಂಟಿಲೇಟರ್ ಮ್ಯಾಲ ಇದ್ದವರ ಸಾವು ಮೂರನೇ ಒಂದು ಪಾಲು ಕಮ್ಮಿ, ಆಕ್ಸಿಜನ್ ಮ್ಯಾಲ ಇದ್ದವರದು ಐದನೇ ಒಂದು ಪಾಲು ಕಮ್ಮಿ. ಆಕ್ಸಿಜನ್ ಬೇಕಾಗದವರಿಗಿ ಏನೂ ಲಾಭ ಇಲ್ಲ ಅಂತನೂ ಅವರೇ ಹೇಳಿದ್ರು. ಅಗ್ಗದ ಗುಳಿಗಿ, ಹಳೇ ಗುಳಿಗಿ, ಅದರ ಮ್ಯಾಲ ನನಗ ಸಿಟ್ಟಿಲ್ರಪ, ಋಣ ಅದ. ಈಗೂ ಆ ಹೆಸರು ಎಲ್ಲೆರೆ ಕಂಡ್ರ ಕಣ್ಣಾಗ ನೀರು ಬರ್ತದ, ನಗಬ್ಯಾಡ್ರಿ.

ಹಾಂ, ಇನ್ನೊಂದು ಮಾತು. ಅವತ್ತು ಅಷ್ಟು ಗದ್ದಲದಾಗೂ, ಪಿಪಿಇ ಕಿಟ್ ಹಾಕ್ಕೊಂಡು ಬೆವರು ಸುರಿಸ್ಕೋತ ಒಬ್ಬ ಸಣ್ಣ ಹುಡುಗ ಡಾಕ್ಟರ್ ಬಂದು ನನಗ ಹೇಳಿದ, "ಅಕ್ಕಾ, ಸ್ಟೀರಾಯ್ಡ್ ಕೊಡ್ಲಾಕತ್ತೀವಿ, ಶುಗರ್ ಏರ್ತದ, ನೋಡ್ಕೋತೀವಿ." ಏರ್ತು. ಇನ್ಸುಲಿನ್ ಕೊಟ್ರು, ಇಳೀತು. ಅದೇ ವರ್ಷ ಶುಗರ್ ನೋಡದೆ ಮನ್ಯಾಗೇ ಸ್ಟೀರಾಯ್ಡ್ ನುಂಗಿದವರು ಎಷ್ಟು ಮಂದಿ ಬ್ಲ್ಯಾಕ್ ಫಂಗಸ್‌ಗೆ ಕಣ್ಣು ಕಳ್ಕೊಂಡ್ರು, ನೋಡೀರಿ. ಗುಳಿಗಿ ಒಂದೇ. ಒಬ್ಬಂವ ಹೇಳಿ ಕೊಟ್ಟ, ಲೆಕ್ಕ ಇಟ್ಟ, ಹತ್ತು ದಿನಕ್ಕ ನಿಲ್ಲಿಸಿದ. ಇನ್ನೊಬ್ಬ ಪೊಟ್ಟಣ ಕಟ್ಟಿ ಕೊಟ್ಟ, ವರ್ಷಗಟ್ಟಲೆ.

ಮಧ್ಯಾಹ್ನ ಇದನ್ನೇ ನಮ್ಮ ಕಾಕಾನ ಮುಂದ ಒದರಿದೆ. ಕಾಕಾ ಏನಂದ್ರು ಗೊತ್ತೇನು, "ನಿಂದು ಪ್ಯಾಟಿ ಮಾತು. ಹಳ್ಳಿ ಮುದುಕಿ ಒಂದು ದಿನದ ಕೂಲಿ ಬಿಟ್ಟು, ಬಸ್ ಹಿಡಿದು ಕಲಬುರಗಿಗಿ ಬರಬೇಕು, ಫೀಸು, ಎಕ್ಸ್‌ರೇ, ಆಮ್ಯಾಲ ಡಾಕ್ಟರು ತೂಕ ಇಳಸು, ಬಗ್ಗಿ ಕೆಲಸ ಮಾಡಬ್ಯಾಡ ಅಂತಾರ. ಬಗ್ಗದೆ ತೊಗರಿ ಹ್ಯಾಂಗ ಕೊಯ್ಯೋದು? ಅಂವ ಕಡಿಮಿ ರೊಕ್ಕದಾಗ ನೋವು ಇಳಸ್ತಾನ, ಪುಣ್ಯಾತ್ಮ." ಖರೇ ಅದ ಕಾಕಾ, ಅರ್ಧ ಮಾತು ಖರೇ ಅದ. ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಡಾಕ್ಟರ್ ಎಲ್ಲಾ ದಿನ ಸಿಗಲ್ಲ ಅನ್ನೋದು ನನಗೂ ಗೊತ್ತದ. ಆದ್ರ ಬಡವರ ಮ್ಯಾಲ ಅಷ್ಟು ಕರುಣಾ ಇದ್ರ ಆ ಹಾಳಿ ಮ್ಯಾಲನೇ ಗುಳಿಗಿ ಹೆಸರು ಬರಿಲಾಕ ಪೆನ್ನಿನಾಗ ಇಂಕು ಖರ್ಚಾಗ್ತಿತ್ತೇನು? ಹೆಸರು ಬರದ್ರ ಮುಂದಿನ ಸಲ ಮುದುಕಿ ಸೀದಾ ಮೆಡಿಕಲ್‌ಗೆ ಹೋಗಿ, ಇದೇ ಗುಳಿಗಿ ಚಿಲ್ಲರ ರೊಕ್ಕಕ್ಕ ಸಿಗ್ತದ ಅಂತ ತಿಳ್ಕೋತಾಳ, ಇವನ ಧಂದಾ ಬಂದ್. ಪುಣ್ಯ ಅಂತ ಪುಣ್ಯ!

ಕಾಕಾಂದು ಇನ್ನೊಂದು ಇತ್ತು, ಎಲ್ಲಾ ಹೇಳಿದ್ರ ಮಂದಿ ಅಂಜಿ ಗುಳಿಗಿನೇ ನುಂಗಲ್ಲ ಅಂತ. ನನಗೂ ಹೇಳಿದ್ರಲ್ಲ, ನಾನು ಅಂಜಿ ತಮ್ಮನ ಆಕ್ಸಿಜನ್ ಕಿತ್ಕೊಂಡು ಬಂದ್ನೇನು?

ಕಾಯ್ದೆ ಇಲ್ಲ ಅಂತಲ್ರಿ. ಸ್ಟೀರಾಯ್ಡ್ ಗುಳಿಗಿ ಶೆಡ್ಯೂಲ್ ಎಚ್ ಅನ್ನೋ ಔಷಧಿ ಪಟ್ಟ್ಯಾಗ ಬರ್ತದ, ಡಾಕ್ಟರ್ ಚೀಟಿ ಇಲ್ದೆ ಮಾರಂಗಿಲ್ಲ. 2014ರಿಂದ ಶೆಡ್ಯೂಲ್ ಎಚ್1 ಬೇರೆ ಅದ, ಅದರಾಗಿನ ಆಂಟಿಬಯೋಟಿಕ್, ಟಿಬಿ ಔಷಧಿ, ನಿದ್ದಿ ಗುಳಿಗಿ ಕೊಟ್ರ ರಿಜಿಸ್ಟರ್‌ದಾಗ ಪೇಷಂಟ್ ಹೆಸರು, ಡಾಕ್ಟರ್ ಹೆಸರು ಬರದು ಮೂರು ವರ್ಷ ಇಡಬೇಕು. 2018ರಾಗ ಮಾರಿಗಿ ಹಚ್ಚೋ ಸ್ಟೀರಾಯ್ಡ್ ಕ್ರೀಮ್‌ನೂ ಚೀಟಿ ಇಲ್ದೆ ಕೊಡಬ್ಯಾಡ್ರಿ ಅಂದ್ರು, ಬೆಳ್ಳಗಾಗ್ಲಾಕ ಹಚ್ಕೊಂಡು ಮಾರಿ ಸುಟ್ಕೊಂಡ ಹುಡುಗ್ಯಾರನ್ನ ನಾನು ಕೌಂಟರ್‌ನಾಗ ನೋಡೀನಿ, ಆ ಕಥಿ ಬೇರೆ ಪೋಸ್ಟ್ ಆಗ್ತದ. 2023ರ ಆಗಸ್ಟ್‌ದಿಂದ ದೊಡ್ಡ 300 ಬ್ರ್ಯಾಂಡ್ ಔಷಧಿ ಮ್ಯಾಲ ಕ್ಯೂಆರ್ ಕೋಡ್ ಕಡ್ಡಾಯ, ಸ್ಕ್ಯಾನ್ ಮಾಡಿದ್ರ ತಯಾರಾದ ತಾರೀಖು ಸೈತ ಬರ್ತದ. ಡೆಲ್ಲ್ಯಾಗ ಕ್ಯೂಆರ್ ಕೋಡ್, ಅಫಜಲಪುರದಾಗ ನೋಟ್‌ಬುಕ್ ಹಾಳಿ. ಸ್ಕ್ಯಾನ್ ಮಾಡ್ಲಿ ಮುದುಕಿ, ಎರಡೊಂದ್ಲ ಎರಡು ಮಗ್ಗಿ ಬರ್ತದ.

ಪದವಿ ಇರೋ ಸಾಹೇಬ್ರೂ ಏನು ಕಮ್ಮಿ ಇಲ್ಲ. ಔಷಧಿ ಹೆಸರು ತಿಳಿಯಂಗ, ಆದಷ್ಟು ದೊಡ್ಡ ಅಕ್ಷರದಾಗ ಬರೀರಿ ಅಂತ 2016ರಾಗೇ ಮೆಡಿಕಲ್ ಕೌನ್ಸಿಲ್ ನಿಯಮ ತಂದದ. ಆದ್ರೂ ಕೆಲವರ ಚೀಟಿ ಅವರ ಬಾಜುಕಿನ ಮೆಡಿಕಲ್‌ನವಗ ಬಿಟ್ರ ಬ್ಯಾರೆ ಯಾರಿಗೂ ಓದಲಾಕ ಬರಂಗಿಲ್ಲ. ಅದೂ ಒಂದು ನಮೂನಿ ಪೊಟ್ಟಣನೇ, ಸ್ವಲ್ಪ ಇಸ್ತ್ರಿ ಮಾಡಿದ್ದು. ನಮ್ಮ ಮೈಯಾಗ ಹೋಗೋ ವಸ್ತುವಿನ ಹೆಸರು ನಮಗ ಬಿಟ್ಟು ಎಲ್ಲರಿಗೂ ಗೊತ್ತಿರ್ಬೇಕು, ಇದೆಂಥ ನ್ಯಾಯ?

ಈಗ ಮುಖ್ಯ ಮಾತು, ಅರ್ಧ ಓದಿ ಬಿಡಬ್ಯಾಡ್ರಿ. ನಿಮ್ಮ ಮನ್ಯಾಗ ಯಾರರೆ ಇಂಥ ಗುಳಿಗಿ ವಾರಗಟ್ಟಲೆ ನುಂಗ್ಲಾಕತ್ತಿದ್ರ, ಈ ಪೋಸ್ಟ್ ಓದಿ ನಾಳಿಗೇ ಬಂದ್ ಮಾಡಿಸಬ್ಯಾಡ್ರಿ. ಮೂತ್ರಪಿಂಡದ ಮ್ಯಾಲ ಅಡ್ರಿನಲ್ ಗ್ರಂಥಿ ಅಂತ ಇರ್ತಾವ, ಮೈಗಿ ಬೇಕಾದ ಸ್ಟೀರಾಯ್ಡ್ ಅವೇ ತಯಾರ ಮಾಡ್ತಾವ. ದಿನಾ ಖಾನಾವಳಿಯಿಂದ ರೊಟ್ಟಿ ಬರ್ಲಾಕತ್ರ ಮನ್ಯಾಗ ಒಲಿ ಯಾರು ಹಚ್ತಾರ? ಹಂಗೇ ಅವೂ ಕೆಲಸ ನಿಲ್ಲಿಸಿ ಕುಂತಿರ್ತಾವ. ಅಂಥದ್ರಾಗ ಗುಳಿಗಿ ಒಮ್ಮೆಲೇ ಬಿಟ್ರ, ನಡುವ ಜ್ವರನೋ ಆಪರೇಷನ್ನೋ ಬಂದ್ರ ಬಿಪಿ ಬಿದ್ದು ಜೀವಕ್ಕೇ ಬರ್ತದ. ಡಾಕ್ಟರ್ ಹೇಳಿದಂಗ ವಾರ ವಾರ ಸ್ವಲ್ಪ ಸ್ವಲ್ಪ ಇಳಸ್ಕೋತ ಬರಬೇಕು. ಇದಕ್ಕೇ ನನಗ ಹೆಚ್ಚು ಉರಿಯೋದು, ಯಾವ ಗುಳಿಗಿ, ಎಷ್ಟು ಮಿಲಿಗ್ರಾಂ ಅಂತ ಗೊತ್ತಿಲ್ದೆ ಯಾವ ಡಾಕ್ಟರರೆ ಎಲ್ಲಿಂದ ಇಳಸಲಾಕ ಶುರು ಮಾಡಬೇಕು?

ಆಯಿಗಿ ನಾಳಿ ಕಲಬುರಗಿ ಸರಕಾರಿ ದವಾಖಾನಿ ಜಿಮ್ಸ್‌ಗೆ ಕರಕೊಂಡು ಹೋಗ್ರಿ ಅಂತ ಮಗನಿಗಿ ಹೇಳೀನಿ, ಪೊಟ್ಟಣ ಸೈತ ಕಿಸೆದಾಗ ಇಟ್ಕೊಂಡು ಹೋಗು ಅಂದೀನಿ. ಶುಗರ್ ನೋಡ್ಸಬೇಕು, ಬಿಪಿ ನೋಡ್ಸಬೇಕು, ಎಲುಬಿಂದೂ ಕೇಳಬೇಕು. ಹೂಂ ಅಂದಾನ. ಆಯಿ ಮಾತ್ರ ನನ್ನ ಮ್ಯಾಲ ಮುನಿಸ್ಕೊಂಡಾಳ, ನಡೀಲಾಕ ಬರ್ತಿದ್ದಾಕಿನ್ನ ಮತ್ತ ಮೂಲ್ಯಾಗ ಕುಂದ್ರಸ್ತಾಳ ಇಕಿ ಅಂತ. ಆಕಿ ಸಿಟ್ಟೂ ಸುಳ್ಳಲ್ಲ, ನೋವು ಮತ್ತ ಬಂದೇ ಬರ್ತದ, ಅದಕ್ಕ ಬೇರೆ ದಾರಿ ಹುಡುಕಬೇಕು.

ಮತ್ತ ಒಂದು ವಿನಂತಿ. ಇನ್‌ಬಾಕ್ಸ್‌ದಾಗ ಗುಳಿಗಿ ಫೋಟೋ ಕಳಿಸಿ "ಅಕ್ಕಾ ಇದ್ಯಾವುದು" ಅಂತ ಕೇಳಬ್ಯಾಡ್ರಿ, ಆಗಲೇ ಇಬ್ಬರು ಕಳಿಸ್ಯಾರ. ಬಣ್ಣ ನೋಡಿ ಹೇಳೋ ವಿದ್ಯಾ ನನಗ ಬರಂಗಿಲ್ಲ. ಯಾರು ಕೊಟ್ರೋ ಅವರ ಮುಂದ ಹೋಗಿ ನಿಂತು ಕೇಳ್ರಿ. ಸಿಟ್ಟಿಗಿ ಎದ್ರ, ಬರದುಕೊಡಲಾಕ ಆಗಲ್ಲ ಅಂದ್ರ, ಆ ಪೊಟ್ಟಣ ತಗೊಂಡು ಸೀದಾ ಬೇರೆ ಡಾಕ್ಟರ್ ಕಡಿ ನಡೀರಿ.