ಪರ–ವಿರೋಧ: ಅಂತರರಾಷ್ಟ್ರೀಯ ಮ್ಯಾಕ್ರೋ ಓದುವವರಿಗೆ ಗಣಿತದ ಮಾಡೆಲ್ ಮೊದಲು ಬರಬೇಕೆ, ಇತಿಹಾಸವೇ?

ಪರ: ಮೊದಲು ಲೆಕ್ಕ ಬಿಡಿಸಲಿ

ಅಂತರರಾಷ್ಟ್ರೀಯ ಮ್ಯಾಕ್ರೋ ಅಂದರೆ ದೇಶ ದೇಶಗಳ ನಡುವಿನ ಹಣ, ಸಾಲ, ವಿನಿಮಯ ದರಗಳ ಅರ್ಥಶಾಸ್ತ್ರ. ಅದರ ಎಂ.ಎ. ತರಗತಿಗೆ ಬರುವವರೆಲ್ಲ ಒಂದಿಷ್ಟು ಅಭಿಪ್ರಾಯ ಹೊತ್ತೇ ಬರುತ್ತಾರೆ. ಕರೆನ್ಸಿ ಬಿದ್ದರೆ ದೇಶಕ್ಕೆ ಅವಮಾನ, ಚಾಲ್ತಿ ಖಾತೆಯಲ್ಲಿ (ಹೊರದೇಶಗಳ ಜೊತೆಗಿನ ವ್ಯಾಪಾರ, ಆದಾಯದ ಲೆಕ್ಕ) ಕೊರತೆ ಇದ್ದರೆ ದೇಶ ದಿವಾಳಿ, ಇಂಥವು. ಇವನ್ನು ಅಲುಗಾಡಿಸಲು ಸಮೀಕರಣವೇ ಬೇಕು.

ಚಾಲ್ತಿ ಖಾತೆ ಅಂದರೆ ದೇಶದ ಉಳಿತಾಯದಲ್ಲಿ ಹೂಡಿಕೆ ಕಳೆದು ಉಳಿದದ್ದು. ಇಷ್ಟು ಬರೆದರೆ ಸಾಕು, ಉಳಿತಾಯ ಕುಸಿದು ಕೊರತೆ ಬಂತಾ, ಹೂಡಿಕೆ ಜಾಸ್ತಿಯಾಗಿ ಬಂತಾ ಅಂತ ಕೇಳಲೇಬೇಕಾಗುತ್ತದೆ. 1970ರ ದಶಕದಲ್ಲಿ ನಾರ್ವೆಗೆ ದೊಡ್ಡ ಕೊರತೆ ಇತ್ತು. ಉತ್ತರ ಸಮುದ್ರದ ತೈಲಕ್ಕೆ ದುಡ್ಡು ಸುರಿದಿದ್ದೇ ಅದಕ್ಕೆ ಮುಖ್ಯ ಕಾರಣ. ಅದನ್ನು ದಿವಾಳಿ ಅನ್ನೋಕಾಗುತ್ತಾ?

ನನ್ನ ತರಗತಿಯಲ್ಲಿ ಇತಿಹಾಸ ಓದಿ ಬಂದ ವಿದ್ಯಾರ್ಥಿನಿ ಒಬ್ಬಳಿದ್ದಳು. ವಿನಿಮಯ ದರ ಸಿಕ್ಕಾಪಟ್ಟೆ ಕುಣಿಯುವುದಕ್ಕೆ ಸಟ್ಟಾ ವ್ಯಾಪಾರಿಗಳೇ ಕಾರಣ ಅಂತ ಹಟ ಹಿಡಿದಳು. ಕೈಗೆ ಚಾಕ್‌ಪೀಸ್ ಕೊಟ್ಟೆ. ಕೇಂದ್ರ ಬ್ಯಾಂಕ್ ಹಣ ಪೂರೈಕೆಯನ್ನು ಶೇ. 10ರಷ್ಟು ಹೆಚ್ಚಿಸಿದೆ ಅಂದುಕೋ ಅಂದೆ. ಕೊನೆಗೆ ಬೆಲೆಗಳೂ ಶೇ. 10ರಷ್ಟು ಏರುತ್ತವೆ, ನಮ್ಮ ಹಣದಲ್ಲಿ 100 ಇದ್ದ ವಿದೇಶಿ ಕರೆನ್ಸಿಯ ದರ 110 ಆಗುತ್ತದೆ, ಅಂದರೆ ನಮ್ಮ ಕರೆನ್ಸಿ ಬೀಳುತ್ತದೆ. ಆದರೆ ಬೆಲೆಗಳು ತಕ್ಷಣ ಏರುವುದಿಲ್ಲ. ಅಲ್ಲಿಯವರೆಗೆ ಹಣ ಹೆಚ್ಚಾದ್ದರಿಂದ ನಮ್ಮ ಬಡ್ಡಿ ಶೇ. 5ರಿಂದ 3ಕ್ಕೆ ಇಳಿದಿರುತ್ತದೆ, ಹೊರಗೆ ಇನ್ನೂ 5 ಇರುತ್ತದೆ. ಹಾಗಾದರೆ ನಮ್ಮ ಬಾಂಡ್ ಯಾರು ಇಟ್ಟುಕೊಳ್ಳುತ್ತಾರೆ? ನಮ್ಮ ಕರೆನ್ಸಿ ಮುಂದೆ ಶೇ. 2ರಷ್ಟು ಚೇತರಿಸುತ್ತದೆ ಅನ್ನುವ ನಂಬಿಕೆ ಇದ್ದರೆ ಮಾತ್ರ. ಚೇತರಿಸಬೇಕು ಅಂದರೆ ಮೊದಲು ಜಾಸ್ತಿ ಬೀಳಬೇಕು. ಒಂದು ವರ್ಷದ ಲೆಕ್ಕ ಹಿಡಿದರೆ ದರ ಮೊದಲು 112ರ ಹತ್ತಿರ ಜಿಗಿದು, ಆಮೇಲೆ 110ಕ್ಕೆ ಇಳಿಯುತ್ತದೆ.

ಅವಳು ಬೋರ್ಡನ್ನೇ ನೋಡುತ್ತಾ ನಿಂತಳು. “ಅಂದ್ರೆ ಯಾರೂ ತಪ್ಪು ಮಾಡದೇನೇ ಹೀಗಾಗುತ್ತಾ ಸರ್?” ಅಂದಳು. ಹೌದು. ಅರ್ಥಶಾಸ್ತ್ರಜ್ಞ ರೂಡಿಗರ್ ಡಾರ್ನ್‌ಬುಷ್ 1976ರಲ್ಲಿ ತೋರಿಸಿದ್ದೇ ಇದು. ಯಾವ ಇತಿಹಾಸದ ಪುಸ್ತಕ ಓದಿದ್ದರೂ ಅವಳಿಗೆ ಆ ಪ್ರಶ್ನೆ ಹೊಳೆಯುತ್ತಿರಲಿಲ್ಲ. ಮುಂದಿನ ವಾರ ಅವಳೇ ಬಂದು, ಬೆಲೆಗಳು ತಕ್ಷಣ ಏರಿದರೆ ಏನಾಗುತ್ತದೆ ಅಂತ ಬಿಡಿಸಿ ತೋರಿಸಿದಳು. ದರ ನೇರವಾಗಿ 110ಕ್ಕೆ ಹೋಗಿ ನಿಲ್ಲುತ್ತದೆ. ಒಂದು ಊಹೆ ಬದಲಿಸಿದರೆ ಯಾವುದು ಬದಲಾಗುತ್ತದೆ ಅಂತ ಹೀಗೆ ಕೈಯಾರೆ ನೋಡಬಹುದು. ಅದಕ್ಕೇ ನನಗೆ ಮಾಡೆಲ್ ಮುಖ್ಯ.

ಇತಿಹಾಸ ಮೊದಲು ಅನ್ನುವವರು ಹಳೆ ಪತ್ರಿಕೆಗಳ ರಾಶಿ ಮುಂದಿಟ್ಟು ಓದಿ ಅಂತಾರೆ. ಅದನ್ನು ಮನೆಯಲ್ಲೇ ಓದಬಹುದು. ಇನ್ನು ಮಾಡೆಲ್‌ಗಳು ನಾಳೆಯ ದರ ಹೇಳುವುದಿಲ್ಲ ಅನ್ನುವ ಆಕ್ಷೇಪ. ನಾವು ಕಲಿಸುತ್ತಿರುವುದು ಜ್ಯೋತಿಷ್ಯ ಅಲ್ಲವಲ್ಲ!

ವಿರೋಧ: ಮೊದಲು ಬಿಕ್ಕಟ್ಟು ನೋಡಲಿ

ಈ ಪಕ್ಷ ವಹಿಸಲು ನನ್ನನ್ನು ಕೇಳಿದ್ದಾರೆ. ಮಾಡೆಲ್ ಬೇಡ ಅಂತ ನಾನೂ ಹೇಳಲಾರೆ. ಬಂಡವಾಳದ ಮುಕ್ತ ಓಡಾಟ, ಸ್ಥಿರ ವಿನಿಮಯ ದರ, ಸ್ವಂತ ಬಡ್ಡಿ ನೀತಿ ಮೂರೂ ಒಟ್ಟಿಗೆ ಸಿಗುವುದಿಲ್ಲ ಅನ್ನುವ ಟ್ರೈಲೆಮಾ ಇಲ್ಲದೆ 1992ರ ಸೆಪ್ಟೆಂಬರ್ 16ರಂದು ಬ್ರಿಟನ್, ದರಗಳನ್ನು ಹೆಚ್ಚುಕಡಿಮೆ ಸ್ಥಿರವಾಗಿ ಇಡುತ್ತಿದ್ದ ಯುರೋಪಿನ ವಿನಿಮಯ ದರ ವ್ಯವಸ್ಥೆಯಿಂದ ಯಾಕೆ ಹೊರಬಂತು ಅಂತ ವಿವರಿಸುವುದು ಕಷ್ಟ. ಆದರೂ ಮಾಡೆಲ್ ಮೊದಲು ಬೇಡ ಅನ್ನುವುದಕ್ಕೆ ಕಾರಣ ಇದೆ.

ಅರ್ಥಶಾಸ್ತ್ರಜ್ಞರಾದ ಮೀಸ್ ಮತ್ತು ರೋಗಾಫ್ 1983ರಲ್ಲಿ ವಿನಿಮಯ ದರದ ಬಗೆಗಿನ ಆ ಕಾಲದ ಮುಖ್ಯ ಮಾಡೆಲ್‌ಗಳನ್ನು ಪರೀಕ್ಷೆಗೆ ಒಡ್ಡಿದರು. ಒಂದು ವರ್ಷದೊಳಗಿನ ಅವಧಿಗೆ, ದರ ಈಗ ಇರುವಷ್ಟೇ ಇರುತ್ತದೆ ಅನ್ನುವ ಸರಳ ಊಹೆಯನ್ನು ಅವು ಮೀರಿಸಲಿಲ್ಲ. ಇದನ್ನು ಜ್ಯೋತಿಷ್ಯದ ಮಾತು ಹೇಳಿ ತಳ್ಳಿಹಾಕುವುದು ಸರಿಯಲ್ಲ.

ಥಾಯ್ಲೆಂಡ್ ನೋಡಿ. 1997ರ ಜುಲೈ 2ರಂದು ಅಲ್ಲಿನ ಕರೆನ್ಸಿ ಬಾತ್ ಅನ್ನು ತೇಲಲು ಬಿಟ್ಟರು, ಅಂದರೆ ಅದರ ದರವನ್ನು ಮಾರುಕಟ್ಟೆಗೇ ಬಿಟ್ಟರು. ಡಾಲರಿಗೆ ಸುಮಾರು 25 ಇದ್ದದ್ದು 1998ರ ಜನವರಿಯಲ್ಲಿ 50 ದಾಟಿತು. ಕರೆನ್ಸಿ ಅಗ್ಗವಾದರೆ ರಫ್ತು ಏರಿ ಉತ್ಪಾದನೆ ಹೆಚ್ಚುತ್ತದೆ ಅನ್ನುತ್ತದೆ ಮಂಡೆಲ್–ಫ್ಲೆಮಿಂಗ್ ಮಾಡೆಲ್. ಆದರೆ 1998ರಲ್ಲಿ ಅಲ್ಲಿನ ಆರ್ಥಿಕತೆ ಕುಸಿಯಿತು. ಎಷ್ಟೋ ಕಂಪನಿಗಳ ಆದಾಯ ಬಾತ್‌ನಲ್ಲಿ, ಸಾಲ ಡಾಲರಿನಲ್ಲಿ. ಕೂತಲ್ಲೇ ಸಾಲ ಎರಡು ಪಟ್ಟಾಯಿತು. ಈ ಅಡಕತ್ತರಿಯನ್ನು ಸಿದ್ಧಾಂತಕಾರರು ಗಂಭೀರವಾಗಿ ಮಾಡೆಲ್‌ಗೆ ಸೇರಿಸಿದ್ದು ಹೆಚ್ಚಾಗಿ ಆಮೇಲೆ. ಏನನ್ನು ಮಾಡೆಲ್ ಮಾಡಬೇಕು ಅಂತ ಹೇಳಿಕೊಟ್ಟದ್ದೇ ಬಿಕ್ಕಟ್ಟು.

ಹಾಗಾಗಿ ಮೊದಲ ವಾರ ವಿದ್ಯಾರ್ಥಿಗಳ ಮುಂದೆ ಅಂಥ ಕಂಪನಿಯ ಲೆಕ್ಕಪತ್ರದ ಮಾದರಿಯೊಂದನ್ನು ಇಡಲಿ. ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಬೇಕಾ, ಇಳಿಸಬೇಕಾ ಅಂತ ಕೇಳಲಿ. ಏರಿಸಿದರೆ ಒಳಗಿನ ಸಾಲ ಕಂಪನಿಯ ಕತ್ತು ಹಿಸುಕುತ್ತದೆ, ಇಳಿಸಿದರೆ ಕರೆನ್ಸಿ ಇನ್ನೂ ಬಿದ್ದು ಡಾಲರ್ ಸಾಲ ಉಬ್ಬುತ್ತದೆ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಅಂತ ತೂಗಲು ಸಮೀಕರಣ ಬೇಕೇ ಬೇಕು. ಅದನ್ನು ಎರಡನೇ ವಾರ ತರಲಿ.