ಸ್ಪಷ್ಟನೆ: ಕ್ಯಾಮೆಲ್‌ನ ಸೆಡಾ ಮೆಸೇಜನ್ನು ಕಾಪಾಡುವುದಿಲ್ಲ

‘ಅಪಾಚೆ ಕ್ಯಾಮೆಲ್‌ನಲ್ಲಿ ಮೆಸೇಜ್ ಕಳೆದುಹೋಗ್ತಿದ್ರೆ ಡೈರೆಕ್ಟ್ ತೆಗೆದು ಸೆಡಾ ಹಾಕಿ, ಸರ್ವರ್ ಬಿದ್ದರೂ ಮೆಸೇಜ್ ಉಳಿಯುತ್ತೆ’ ಅನ್ನೋ ಸಲಹೆ ಜಾವಾ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಕ್ಯಾಮೆಲ್ ಅಂದರೆ ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಮೆಸೇಜ್ ದಾಟಿಸುವ ಜಾವಾ ಫ್ರೇಮ್‌ವರ್ಕ್; ಮೆಸೇಜ್ ಸಾಗುವ ದಾರಿಗೆ ಅದರಲ್ಲಿ ರೂಟ್ ಅಂತಾರೆ. ಒಂದು ರೂಟಿನಿಂದ ಇನ್ನೊಂದಕ್ಕೆ ಮೆಸೇಜ್ ಕೊಡುವ ಎರಡು ಬಗೆಗಳೇ ಡೈರೆಕ್ಟ್ ಮತ್ತು ಸೆಡಾ.

ಸೆಡಾದ ಕ್ಯೂ (ಮೆಸೇಜುಗಳು ಕಾಯುವ ಸಾಲು) ಇರುವುದು ಮೆಮೊರಿಯಲ್ಲಿ ಮಾತ್ರ. ಜೆವಿಎಂ (ಜಾವಾ ಪ್ರೋಗ್ರಾಂ ಓಡಿಸುವ ಎಂಜಿನ್) ನಿಂತರೆ ಕ್ಯೂನಲ್ಲಿ ಕಾಯುತ್ತಿದ್ದ ಮೆಸೇಜುಗಳೂ ಹೋದವು ಅಂತಲೇ ಲೆಕ್ಕ. ಕ್ಯಾಮೆಲ್‌ನ ಅಧಿಕೃತ ದಾಖಲೆಯಲ್ಲೇ ಇದನ್ನು ಹೇಳಿ, ಉಳಿಯಬೇಕಾದ ಮೆಸೇಜಿಗೆ ಜೆಎಂಎಸ್‌ (ಜಾವಾದ ಮೆಸೇಜಿಂಗ್ ವ್ಯವಸ್ಥೆ) ಥರದ್ದು ಬಳಸಿ ಎಂದಿದ್ದಾರೆ.

ನಿಜ ಹೇಳಬೇಕೆಂದರೆ, ಈ ಬದಲಾವಣೆಯಿಂದ ತೊಂದರೆ ಜಾಸ್ತಿಯೇ ಆಗಬಹುದು. ಡೈರೆಕ್ಟ್‌ನಲ್ಲಿ ಮುಂದಿನ ರೂಟ್ ಅದೇ ಥ್ರೆಡ್‌ನಲ್ಲಿ (ಪ್ರೋಗ್ರಾಂನೊಳಗಿನ ಕೆಲಸದ ಅದೇ ಎಳೆಯಲ್ಲಿ) ಓಡುತ್ತದೆ, ಅಲ್ಲಿ ಎಡವಿದರೆ ಕಳಿಸಿದವರಿಗೆ ತಕ್ಷಣ ಗೊತ್ತಾಗುತ್ತದೆ. ಸೆಡಾದಲ್ಲಿ, ಉತ್ತರ ಬೇಡದ ಮೆಸೇಜಾದರೆ, ಕ್ಯೂಗೆ ಹಾಕಿದ ಕೂಡಲೇ ಮೊದಲ ರೂಟಿನ ಕೆಲಸ ಮುಗಿಯಿತು. ಟ್ರಾನ್ಸಾಕ್ಷನ್ (ಆದರೆ ಎಲ್ಲವೂ ಆಗಬೇಕು, ಇಲ್ಲವೇ ಏನೂ ಆಗಬಾರದು ಎನ್ನುವ ಕಟ್ಟು) ಕೂಡ ಆ ಕ್ಯೂ ದಾಟುವುದಿಲ್ಲ. ಆಮೇಲೆ ಬಂದ ಎಕ್ಸೆಪ್ಷನ್ (ದೋಷದ ಸೂಚನೆ) ಎರಡನೇ ರೂಟಿನ ಲಾಗ್‌ನಲ್ಲೇ ಕೂತಿರುತ್ತದೆ. ನಾವು ಮೊದಲನೆಯದನ್ನು ಸುಮ್ನೆ ಕೆದಕುತ್ತಿರುತ್ತೇವೆ.

ಸೆಡಾ ಕೆಟ್ಟದ್ದೇನಲ್ಲ. ನಿಧಾನದ ಕೆಲಸವನ್ನು ಬೇರೆ ಥ್ರೆಡ್‌ಗೆ ದಾಟಿಸಲು ಚೆನ್ನಾಗಿದೆ. ಆದರೆ ಪೇಮೆಂಟ್, ಆರ್ಡರ್ ಥರದ್ದಕ್ಕೆ ಮೆಸೇಜನ್ನು ಡಿಸ್ಕಿನಲ್ಲಿ ಉಳಿಸುವ ಬ್ರೋಕರ್ (ಮೆಸೇಜ್ ಪಡೆದು ತಲುಪಿಸುವ ಮಧ್ಯವರ್ತಿ ಸಾಫ್ಟ್‌ವೇರ್) ಬೇಕು, ಉದಾಹರಣೆಗೆ ಆಕ್ಟಿವ್‌ಎಂಕ್ಯೂ.

ಆ ಸಲಹೆ ನಿಮಗೂ ಬಂದಿದ್ದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿಬಿಡಿ.